ಎರಡು ಹಳದಿ ಗಾಜು, ಒಂದು ಕಪ್ಪು ಮೂಲೆ

ಮೊನ್ನೆ ಮೊಳಕಾಲ್ಮೂರಿನಲ್ಲಿ ಮೋಡದ ಆಸೆಗೆ ಬಿದ್ದು ಒಬ್ಬರನ್ನೇ ಪಟದಿಂದ ಕಳೆದುಬಿಟ್ಟೆ.

ರೇಷ್ಮೆ ನೇಯುವವರ ಮನೆ. ಮಗಳು ನಾಗಮ್ಮ ಮಾರನೆಯ ದಿನ ಧರ್ಮವರಕ್ಕೆ, ಗಂಡನ ಮನೆಗೆ ಹೊರಡುವವಳಿದ್ದಳು. ಫೋಟೋ ತೆಗೆಯಲು ಚಳ್ಳಕೆರೆಯಿಂದ ಎತ್ತಿನ ಗಾಡಿಯಲ್ಲಿ ಕ್ಯಾಮೆರಾ ಹೇರಿಕೊಂಡು ಹೋಗಿದ್ದೆ.

ಹುಡುಗಿ ಕೇಳಿದ್ದು ಒಂದೇ. "ಅಣ್ಣಾರೆ, ನಮ್ಮತ್ತೆ ಮುಖ ಚೆನ್ನಾಗಿ ಬರಂಗೆ ತೆಗೀರಿ. ಪಟ ಧರ್ಮವರಕ್ಕೆ ಕಳಿಸ್ರಿ, ನೆನಪಾದಾಗ ನೋಡ್ಕಂತೀನಿ."

ಅತ್ತೆ ಎಂದರೆ ತಂದೆಯ ಅಕ್ಕ ಓಬಮ್ಮ. ತಾಯಿ ಇಲ್ಲದ ನಾಗಮ್ಮನನ್ನು ಸಾಕಿದವರು.

ಗಂಡ ತೀರಿಕೊಂಡವರು ಮದುಮಗಳ ಪಕ್ಕ ನಿಲ್ಲಬಾರದಂತೆ. ಎಷ್ಟು ಕರೆದರೂ ಓಬಮ್ಮ ಬರದೆ, ಅಂಗಳದಲ್ಲಿ ನಿಂತ ಮನೆಯವರ ಸಾಲಿನ ತುದಿಗೆ ಹೋಗಿ, ಇನ್ನೂ ಒಂದು ಮಾರು ಆಚೆ ನಿಂತರು.

ನನಗೋ ಅವತ್ತು ಕಣ್ಣೆಲ್ಲ ಆಕಾಶದ ಮೇಲೆ. ಗುಡ್ಡದ ಹಿಂದೆ ರಾಶಿ ರಾಶಿ ಬಿಳಿ ಮೋಡ...

ಸುಮ್ಮನೆ ತೆಗೆದರೆ ನೀಲಿ ಆಕಾಶವೂ ಬಿಳಿ ಮೋಡವೂ ಕ್ಯಾಮೆರಾದೊಳಗೆ ಪಟ ಮೂಡುವ ಪ್ಲೇಟಿನಲ್ಲಿ ಒಂದೇ ಬಿಳಿ. ಲೆನ್ಸಿನ ಮುಂದೆ ಹಳದಿ ಗಾಜಿನ ಫಿಲ್ಟರ್ ಹಾಕಿದರೆ ಮೋಡ ಎದ್ದು ಬರುತ್ತದೆ. ಒಂದೇ ಯಾಕೆ ಎಂದು ಒಂದರ ಮೇಲೊಂದು ಎರಡು ಹಾಕಿದೆ.

ಎರಡು ಗಾಜಿನ ಮೂಲಕ ನೋಡಿದರೆ ಕತ್ತಲೆ, ಫೋಕಸ್ ಸಿಗುವುದಿಲ್ಲ. ಹಾಗಾಗಿ ಮೊದಲೇ ಎಲ್ಲರನ್ನೂ ನೋಡಿಕೊಂಡು, ಗಾಜು ಆಮೇಲೆ ಹಾಕಿದ್ದೆ. ಮತ್ತೆ ಬಗ್ಗಿ ನೋಡಲಿಲ್ಲ. ಅದೇ ತಪ್ಪು.

ಹತ್ತು ಎಣಿಸುವವರೆಗೂ ಅಲುಗಾಡಬೇಡಿ ಎಂದೆ. ಎಲ್ಲರಿಗಿಂತ ಗಟ್ಟಿಯಾಗಿ ನಿಂತವರು ಓಬಮ್ಮನೇ.

ಚಳ್ಳಕೆರೆಗೆ ಬಂದು ಪ್ಲೇಟು ತೊಳೆದು ಕಾಗದಕ್ಕೆ ಇಳಿಸುತ್ತೇನೆ... ಮೋಡ ಅದ್ಭುತ. ಆದರೆ ಎರಡೂ ಗಾಜಿನ ಸುತ್ತ ಕೂರಿಸಿದ ಹಿತ್ತಾಳೆ ಬಳೆಗಳು ಮುಂದಕ್ಕೆ ಚಾಚಿಕೊಂಡು ನಾಲ್ಕೂ ಮೂಲೆಗಳನ್ನು ಮುಚ್ಚಿದ್ದವು. ಕೆಳಗಿನ ಬಲಮೂಲೆಯ ಕಪ್ಪಿನೊಳಗೆ ಓಬಮ್ಮ ಇದ್ದರು. ಸೆರಗಿನ ಅಂಚು ಬಿಟ್ಟರೆ ಏನೂ ಕಾಣದು.

ಮುಖ ತೋರಿಸಲು ನಾಚಿಕೆಯಾದರೂ ಪಟ ಹಿಡಿದು ಹೋದೆ. ನಾಗಮ್ಮ ಹೋಗಿ ವಾರವಾಗಿತ್ತು.

ಓಬಮ್ಮ ಪಟವನ್ನು ಬಹಳ ಹೊತ್ತು ನೋಡಿದರು. "ಇರ್ಲಿ ಬಿಡಪ್ಪ. ಶುಭದ ಪಟದಾಗೆ ನಾನಿರಬಾರ್ದು ಅಂತ ದೇವರ ಮನಸ್ನಾಗೇ ಐತೆ."

"ದೇವರಲ್ಲಮ್ಮ, ನಾನು. ನನ್ನ ಎರಡು ಗಾಜು," ಎಂದು ಆ ಹಿತ್ತಾಳೆ ಬಳೆಗಳನ್ನು ಅವರ ಕೈಯಲ್ಲೇ ಇಟ್ಟು ತೋರಿಸಿದೆ. ನನ್ನನ್ನು ಸಮಾಧಾನ ಮಾಡುವವರಂತೆ ನಕ್ಕರು. ನಂಬಲಿಲ್ಲ.

ನಾಗಮ್ಮನ ಮಾತು ಹೇಳಿದ ಮೇಲೆ ಒಂದು ಪಟಕ್ಕೆ ಒಪ್ಪಿದರು. ಯಾರೂ ಇಲ್ಲದ ಖಾಲಿ ಅಂಗಳ, ಆದರೂ ಹೋಗಿ ಅದೇ ತುದಿಗೆ ನಿಂತರು.

ನಡುವೆ ಬನ್ನಿ ಎಂದು ಈ ಸಲ ಕರೆಯಲಿಲ್ಲ. ಗಾಜು ಪೆಟ್ಟಿಗೆಯಲ್ಲಿಟ್ಟು, ಕ್ಯಾಮೆರಾವನ್ನೇ ಅವರತ್ತ ತಿರುಗಿಸಿದೆ.

ಆಕಾಶ ಬರೀ ಬಿಳಿ ಬಂದಿದೆ. ಓಬಮ್ಮನ ಮುಖದ ಒಂದೊಂದು ಗೆರೆಯೂ ಕಾಣುತ್ತದೆ. ಅದನ್ನು ಧರ್ಮವರಕ್ಕೆ ಕಳಿಸಿದ್ದೇನೆ.

ಮೋಡದ ಪಟವನ್ನು ನೋಡಿದವರೆಲ್ಲ ಹೊಗಳುತ್ತಿದ್ದಾರೆ... ಆ ಮೂಲೆಯಲ್ಲಿ ಯಾರಿದ್ದರು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ, ನೀವು ಕೇಳುತ್ತಿದ್ದಿರಾ?