ಕರುವಿನ ಪಾಲಿನ ಮೊಲೆ

ಈಗಲೂ ಕೊಟ್ಟಿಗೆಗೆ ಹೋದರೆ ಮೊದಲು ಹಸುವಿನ ಕಿವಿ ಮುಟ್ಟಿ ನೋಡುತ್ತೇನೆ. ಆವತ್ತು ಬೆಳಿಗ್ಗೆ ಅದು ಬಾವಿಕಟ್ಟೆಯ ಕಲ್ಲಿನ ಹಾಗೆ ತಣ್ಣಗಿತ್ತು.

ತಮಿಳು ಸೀಮೆಯ ಕಿಣತ್ತುಕಡವು ಊರಿನ ಪಕ್ಕ ನಮ್ಮ ತೋಟ, ಮನೆಯೊಳಗಿನ ಮಾತು ಕನ್ನಡ. ಹಾಲು ಕರೆಯುವಾಗ ಒಂದು ಮೊಲೆಯನ್ನು ಕರುವಿಗೇ ಬಿಡುವುದು ನಮ್ಮ ಮನೆಯ ವಾಡಿಕೆ. ಅವ್ವ ಅದನ್ನು ಮುಟ್ಟುವುದಿಲ್ಲ. ಆ ಸಲದ ಕರು ನಿತ್ರಾಣವಾಗಿತ್ತು, ತನ್ನ ಪಾಲನ್ನು ಕುಡಿದು ಮುಗಿಸಲಿಲ್ಲ. ಹಾಲು ಒಳಗೇ ನಿಂತು, ಕೆಚ್ಚಲು ಆ ಕಡೆ ಬಿಗಿದು ಗಟ್ಟಿಯಾಯಿತು. ಆವತ್ತು ಬೆಳಿಗ್ಗೆ ಹಸು ಏಳಲಿಲ್ಲ. ಆ ಮೊಲೆ ಹಿಂಡಿದರೆ ಬಂದದ್ದು ಹಳದಿ ನೀರು.

"ಕಾಲೇಜು ಓದಿದ್ಯಲ್ಲ ಸಾಮಿ, ಏನಾದ್ರೂ ಮಾಡು!" ಎಂದಳು ಅವ್ವ.

ನಾನು ಓದಿದ್ದು ಜೀವಶಾಸ್ತ್ರವೇ. ರೋಗನಿರೋಧಕ ಶಕ್ತಿ ದೇಹದ ಕಾವಲುಗಾರ ಎಂದು ಪರೀಕ್ಷೆಯಲ್ಲಿ ಬರೆದಿದ್ದೆ. ಆವತ್ತು ನನ್ನಿಂದಾದದ್ದು ಪಶುವೈದ್ಯೆಗೆ ಫೋನ್ ಮಾಡುವುದಷ್ಟೇ.

ಅವರು ಬಂದು ಇಂಜೆಕ್ಷನ್ ಕೊಟ್ಟರು, ಕುತ್ತಿಗೆಯ ನರಕ್ಕೆ ಸೂಜಿ ಚುಚ್ಚಿ ಡ್ರಿಪ್ ಬಾಟಲಿಯನ್ನು ನನ್ನ ಕೈಗಿತ್ತರು. ಸ್ವಲ್ಪ ಹೊತ್ತಿಗೆ ಹಸು ಗಡಗಡ ನಡುಗತೊಡಗಿತು. ಮೊದಲಿಗಿಂತ ಜೋರಾಗಿ ಏದುಸಿರು.

"ಬದುಕಿದ್ದ ಜೀವಾನ ನೀನೇ ಕೊಲ್ತಿದ್ದೀಯಮ್ಮ! ಕಿತ್ತಾಕು!" ಅವ್ವ ವೈದ್ಯೆಗೆ ತಿಳಿಯಲೆಂದು ತಮಿಳಿನಲ್ಲಿ ಕೂಗಿ ಸೂಜಿಗೇ ಕೈಹಾಕಿದಳು. ನಾನು ತಡೆಯಲಿಲ್ಲ. ಯಾರು ಸರಿ ಎಂದು ನನಗೂ ಗೊತ್ತಿರಲಿಲ್ಲ.

ವೈದ್ಯೆ ಅವಳ ಮಣಿಕಟ್ಟು ಹಿಡಿದುಕೊಂಡರು. "ಕೇಳಿ ಅಮ್ಮಾ. ಇಂಜೆಕ್ಷನ್‌ಗೆ ಕೆಚ್ಚಲಲ್ಲಿ ರೋಗಾಣು ಸಾಯ್ತಿವೆ. ಸಾಯೋವಾಗ ಅವುಗಳ ಮೈಯಿಂದ ವಿಷ ಹೊರಬರುತ್ತೆ. ಅದನ್ನ ಕಂಡು ಹಸುವಿನ ಮೈ ಎಲ್ಲಾ ಕಡೆ ಒಟ್ಟಿಗೆ ಯುದ್ಧಕ್ಕೆ ನಿಂತಿದೆ. ಇದನ್ನ ಮಲಗಿಸಿರೋದು ಆ ಯುದ್ಧ."

"ಅದರ ಮೈಯೇ ಅದನ್ನ ಕೊಲ್ಲುತ್ತಾ?"

"ಕಾಪಾಡೋಕೆ ಹೋಗಿ. ಆ ಯುದ್ಧಾನ ಹಸು ತಡೆದುಕೊಳ್ಳಲಿ ಅಂತಾನೇ ಈ ಬಾಟಲಿ."

ಅವ್ವನ ಕೈ ಸಡಿಲವಾಯಿತು. ಅವಳು ನನ್ನಿಂದ ಬಾಟಲಿ ಕಿತ್ತುಕೊಂಡು, ತಾನೇ ಎತ್ತಿ ಹಿಡಿದು ನಿಂತಳು.

ಸಂಜೆಗೆ ಕಿವಿ ಬೆಚ್ಚಗಾಯಿತು. ಹಸು ಉಳಿಯಿತು, ಆ ಮೊಲೆ ಬತ್ತಿತು. ಮಣಿಕಟ್ಟು ಹಿಡಿಯಲು ವೈದ್ಯೆ ಒಂದು ಕ್ಷಣ ತಡಮಾಡಿದ್ದರೆ ಎಂದು ಯೋಚಿಸಿದಾಗ ನನಗೆ ಕಾಣುವುದು ರೋಗಾಣುವಲ್ಲ, ಸೂಜಿಯ ಮೇಲಿದ್ದ ಅವ್ವನ ಪ್ರೀತಿಯ ಕೈ.

ಅವ್ವ ಮತ್ತೆ ಹಾಲು ಕರೆಯಲು ಕೂತ ದಿನ, "ಇರೋದೇ ಮೂರು, ಈಗಲೂ ಒಂದು ಬಿಡ್ತೀಯಾ?" ಎಂದೆ.

"ಕರು ಪಾಲು ಕರೂಗೆ," ಎಂದಳು. ಆದರೆ ಬಿಡುವ ಮೊದಲು ಕರುವಿನ ಪಾಲಿನ ಮೊಲೆಯನ್ನೂ ಒಮ್ಮೆ ಅಂಗೈಗೆ ಹಿಂಡಿ, ಹಾಲಿನ ಬಣ್ಣವನ್ನು ಬೆಳಕಿಗೆ ಹಿಡಿದು ನೋಡಿದಳು.