ಕಾಫಿ ತಂದವನು ಯಾರು

ಎಲಿಸ್ ಬ್ರಾಡ್‌ನ್ಯಾಕ್ಸ್ ಹುಟ್ಟಿದ್ದು ಅಮೆರಿಕದ ನಾರ್ಫೋಕ್ ಬಂದರಿನ ಹಿಂದುಗಡೆಯ ಒಂದು ಬೀದಿಯಲ್ಲಿ. ಅವನಮ್ಮ ನೌಕಾಪಡೆಯ ಬಿಳಿ ಅಧಿಕಾರಿಗಳ ಬಟ್ಟೆ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಮಕ್ಕಳನ್ನು ಸಾಕಿದಳು. ಮನೆಯಲ್ಲಿ ಸದಾ ಗಂಜಿಯ ವಾಸನೆ, ಕಿಟಕಿಯಾಚೆ ಸದಾ ಹಡಗುಗಳ ಕೂಗು. ಆ ಕೂಗು ಕೇಳಿ ಕೇಳಿ ಹುಡುಗನಿಗೆ ಸಮುದ್ರದ ಹುಚ್ಚು ಹಿಡಿಯಿತು. ದೊಡ್ಡವನಾಗಿ ಸೇರಲು ಹೋದರೆ ಕರಿಯರಿಗೆ ತೆರೆದಿದ್ದು ಒಂದೇ ಬಾಗಿಲು, ಅಧಿಕಾರಿಗಳ ಊಟದ ಕೋಣೆಯದು. ಫಿರಂಗಿ ಮುಟ್ಟುವ ಹಾಗಿಲ್ಲ, ಚುಕ್ಕಾಣಿ ಹಿಡಿಯುವ ಹಾಗಿಲ್ಲ. ಬಡಿಸು, ತೊಳೆ, ಬೂಟು ಒರೆಸು. "ಸಮುದ್ರ ನೋಡೋಕೆ ಹೋಗಿ ಬಸಿ ನೋಡ್ಕೊಂಡು ಕೂತ" ಎಂದು ಹೆಂಡತಿ ವರ್ನಾ ನಗುತ್ತಿದ್ದಳು.

ಎರಡನೇ ಮಹಾಯುದ್ಧ ಬಂದಾಗ ಎಲಿಸ್‌ಗೆ ಮೂವತ್ತೈದರ ಹತ್ತಿರ. ಕಿವಿಯ ಪಕ್ಕ ನರೆ ಬಂದಿತ್ತು. ಮೆರಿಡೇಲ್ ಎಂಬ ಯುದ್ಧನೌಕೆಯಲ್ಲಿ ಪರಿಚಾರಕರಿಗೆಲ್ಲ ಅವನೇ ಹಿರಿಯ. ಪೆಸಿಫಿಕ್ ಸಾಗರದ ನಡುವೆ ಸಾವಿರ ಜನ ಒಂದೇ ಕಬ್ಬಿಣದ ಪೆಟ್ಟಿಗೆಯೊಳಗಿದ್ದರೂ ಬಿಳಿಯರು ಮಲಗುವ ಜಾಗ ಬೇರೆ, ಇವರದು ಬೇರೆ; ಊಟದ ಸಾಲೂ ಬೇರೆ. ಒಬ್ಬರ ಉಸಿರು ಒಬ್ಬರಿಗೆ ತಾಗುತ್ತಿದ್ದದ್ದು ಕದನದ ಗಂಟೆ ಹೊಡೆದಾಗ ಮಾತ್ರ. ಆಗ ಪರಿಚಾರಕರೂ ಕೆಳಗಿನ ಮದ್ದುಗುಂಡಿನ ಕೋಣೆಗೆ ಇಳಿದು, ಬಿಳಿಯರ ಪಕ್ಕ ನಿಂತು ಗುಂಡುಗಳನ್ನು ಕೈಯಿಂದ ಕೈಗೆ ದಾಟಿಸಬೇಕು.

ಹೊಸದಾಗಿ ಬಂದವರಿಗೆ ಬಡಿಸುವುದನ್ನು ಕಲಿಸುತ್ತಿದ್ದವನು ಎಲಿಸ್. ಎಡಗಡೆಯಿಂದ ಹೋಗಬೇಕು. ಬೂಟು ಸದ್ದು ಮಾಡಬಾರದು. ಚಮಚ ಟಿಣ್ ಅನ್ನಬಾರದು. ಕಣ್ಣು ಸದಾ ಮೇಜಿನ ಮೇಲೆ.

"ನೀವು ಬಂದಿದ್ದು ಅವ್ರಿಗೆ ಗೊತ್ತಾಗ್ಬಾರ್ದು. ಕಾಫಿ ಬಂತು ಅನ್ನೋದಷ್ಟೇ ಗೊತ್ತಾಗ್ಬೇಕು."

"ಹಂಗಾದ್ರೆ ಸಂಬಳಾನೂ ಕಾಫಿಗೇ ಕೊಟ್ಬಿಡ್ಲಿ ಬಿಡಣ್ಣ" ಎನ್ನುತ್ತಿದ್ದ ಓಝಿ, ಪಾತ್ರೆ ತೊಳೆಯುವವನು.

ಎಲಿಸ್ ಇದನ್ನು ದರ್ಪಕ್ಕೆ ಹೇಳುತ್ತಿರಲಿಲ್ಲ. ಕಣ್ಣಿಗೆ ಬಿದ್ದವನೇ ಕೆಟ್ಟ ಎಂಬುದನ್ನು ಅವನು ಹತ್ತಾರು ಸಲ ಕಂಡಿದ್ದ. ಕಾಣದೆ ಇದ್ದವನು ಒಂದು ದಿನ ಊರಿಗೆ ಹೋಗಿ ಮಕ್ಕಳ ಮುಖ ನೋಡುತ್ತಾನೆ. ಅಷ್ಟೇ ಅವನ ಲೆಕ್ಕಾಚಾರ.

ಈ ಪಾಠವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತವನು ಥಿಯೊ ಮೇಬ್ರಿ. ಜಾರ್ಜಿಯಾದ ಮೇಕನ್ ಊರಿನವನು, ಇಪ್ಪತ್ತಾರರ ಪ್ರಾಯ, ಹಡಗಿನ ಬಾಗಿಲುಗಳಲ್ಲೆಲ್ಲ ತಲೆ ಬಗ್ಗಿಸಬೇಕಾದಷ್ಟು ಎತ್ತರ. ಅವನು ಹಡಗು ಹತ್ತಿದ ಮೇಲೆ ಹೆಂಡತಿ ಲೊರೀನ್ ಮಗಳನ್ನು ಹೆತ್ತಿದ್ದಳು. ಮಗುವಿಗೆ ವಿನಿ ಎಂದು ಹೆಸರಿಟ್ಟಿದ್ದಾರಂತೆ, ಹಲ್ಲು ಬರುತ್ತಿದೆಯಂತೆ. ಈ ಅಂತೆಗಳನ್ನೆಲ್ಲ ಕೂಡಿಸಿ ಥಿಯೊ ಒಂದು ಮಗುವನ್ನೇ ಕಟ್ಟಿಕೊಂಡಿದ್ದ. "ಅಣ್ಣಾ, ಹಲ್ಲು ಬರೋವಾಗ ಜ್ವರ ಬರುತ್ತಾ? ಬಂದ್ರೆ ಏನ್ ಮಾಡ್ತಾರೆ?" ಎಂದು ಎಲಿಸ್‌ನನ್ನು ಕೇಳುತ್ತಿದ್ದ. ಮಕ್ಕಳಿಲ್ಲದ ಎಲಿಸ್ ಏನು ಹೇಳಿಯಾನು?

ಹಡಗಿನಲ್ಲಿ ಶಿಸ್ತು ನೋಡಿಕೊಳ್ಳಲು ಕ್ರಾಲ್ ಎಂಬ ಬಿಳಿಯನಿದ್ದ. ಅವನ ಬೆತ್ತಕ್ಕೆ ಮಾತ್ರ ಬಣ್ಣದ ಭೇದವಿರಲಿಲ್ಲ. ಬಿಳಿ ಹುಡುಗರ ಬೆನ್ನೂ ಅದನ್ನು ಬಲ್ಲದು. ಒಂದು ಭಾನುವಾರ ಪರಿಚಾರಕರು ತಮಗೆಂದು ಸೊಪ್ಪು, ಹಂದಿಮೂಳೆ ಬೇಯಿಸಿಕೊಂಡು ಕೂತಿದ್ದಾಗ ಕ್ರಾಲ್ ಬಂದು ಸಿಗರೇಟಿನ ಬೂದಿಯನ್ನು ಪಾತ್ರೆಯೊಳಗೆ ಕೊಡವಿದ.

"ಉಪ್ಪು ಸಾಕಾ ನೋಡ್ರೋ."

ಎಲ್ಲರೂ ತಲೆ ತಗ್ಗಿಸಿದರು. ಥಿಯೊನ ಬಾಯಿ ಮಾತ್ರ ನಿಲ್ಲಲಿಲ್ಲ. "ನಿಂಗೂ ಒಂದಿನ ಉಪ್ಪುನೀರು ಕುಡಿಸೋರು ಸಿಗ್ತಾರೆ ಬಿಡು."

ಬಾಗಿಲಲ್ಲಿ ಹಾದುಹೋಗುತ್ತಿದ್ದ ಬಿಳಿ ನಾವಿಕರ ಕಿವಿಗೂ ಅದು ಬಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅದೇ ವಾರ, ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ, ಕ್ರಾಲ್ ಬಣ್ಣದ ಡಬ್ಬಿಗಳ ಉಗ್ರಾಣದಲ್ಲಿ ತಲೆ ಒಡೆದು ಬಿದ್ದಿದ್ದ. ಪಕ್ಕದಲ್ಲಿ ಒಂದು ದೊಡ್ಡ ಸ್ಪ್ಯಾನರ್. ಊಟ ಬಡಿಸುವಾಗ ಎಲ್ಲರ ಮುಂದೆ ಓಡಾಡುತ್ತಿದ್ದ ಮನುಷ್ಯ, ಮೇಜು ಒರೆಸುವಷ್ಟರಲ್ಲಿ ಹೆಣ. ಸಂಜೆಯೊಳಗೆ ಥಿಯೊನ ಕಾಲಿಗೆ ಸಂಕೋಲೆ ಬಿತ್ತು.

ವಿಚಾರಣೆ ನಡೆಸಿದವನು ಲೆಫ್ಟಿನೆಂಟ್ ಸೇಯರ್. ಯುದ್ಧಕ್ಕೆ ಮೊದಲು ವಕೀಲನಾಗಿದ್ದವನು, ಕೂಗಾಡುವವನಲ್ಲ. ಥಿಯೊ ಹೇಳಿದ್ದು ಸರಳ: ಮೇಜು ಎತ್ತಿದ ಮೇಲೆ ತಾನು ಕಮಾಂಡರ್ ವಿಟ್ಲಾಕ್ ಅವರ ಕೋಣೆಗೆ ಕಾಫಿ ಒಯ್ದೆ. ಅವರು ನಕ್ಷೆ ನೋಡುತ್ತಿದ್ದರು. ಅವರು ಕುಡಿದು ಮುಗಿಸುವವರೆಗೆ, ಇನ್ನೊಂದು ಸಲ ಬಗ್ಗಿಸಿ ಕೊಡುತ್ತ, ಬೆನ್ನ ಹಿಂದೆಯೇ ನಿಂತಿದ್ದೆ. ಹೊರಗೆ ಬಂದಾಗ ಆಗಲೇ ಹೆಣ ಸಿಕ್ಕಿತ್ತು.

ಎಲಿಸ್‌ಗೆ ಹೋದ ಜೀವ ಬಂದ ಹಾಗಾಯಿತು. ಕಮಾಂಡರ್ ವಿಟ್ಲಾಕ್ ಒಳ್ಳೆಯ ಮನುಷ್ಯ. ಕ್ರಿಸ್‌ಮಸ್ಸಿಗೆ ಪರಿಚಾರಕರಿಗೆಲ್ಲ ಕಿತ್ತಳೆ ಕೊಡುವವರು. ಅವರ ಒಂದು ಮಾತು ಸಾಕು.

ಸೇಯರ್ ಹೋಗಿ ವಿಟ್ಲಾಕ್ ಅವರನ್ನು ಕೇಳುವಾಗ ಎಲಿಸ್ ಅಲ್ಲೇ ಮೇಜು ಸಜ್ಜು ಮಾಡುತ್ತಿದ್ದ.

"ಕಾಫಿ ಬಂತು, ನಿಜ" ಎಂದರು ವಿಟ್ಲಾಕ್. "ಹುಡುಗ ಯಾರೋ ನಿಂತಿದ್ದ. ಯಾವನು ಅಂತ ಹೇಗ್ರಿ ಹೇಳೋದು? ಎಲ್ಲಾ ಬಿಳಿ ಕೋಟು."

"ನಿಮ್ಮ ತೋಳಿನ ಮೇಲೆ ಕಾಫಿ ಚೆಲ್ಲಿತ್ತು, ನಾನು ಒರೆಸ್ದೆ ಅಂತಾನೆ ಮೇಬ್ರಿ."

"ಹೌದು, ಚೆಲ್ಲಿತ್ತು. ಯಾರೋ ಒರೆಸಿದ್ರು. ಆದ್ರೆ ಅವ್ರೆಲ್ಲಾ ಒಂದೇ ಕಡೆ ಮಲಗ್ತಾರೆ, ಒಬ್ಬರಿಗೊಬ್ರು ಹೇಳ್ಕೊಂಡಿರಲ್ವಾ? ಒಂದು ಜೀವದ ಪ್ರಶ್ನೆ, ಸೇಯರ್. ಗೊತ್ತಿಲ್ದೆ ಇರೋದನ್ನ ಗೊತ್ತು ಅಂತ ನಾನು ಹೇಳೋಕಾಗಲ್ಲ."

ಎಂಥ ಪ್ರಾಮಾಣಿಕತೆ! ಎಲಿಸ್ ಕೈಯಲ್ಲಿದ್ದ ಫೋರ್ಕುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟ. ಆಗಲೂ ಅವು ಸದ್ದು ಮಾಡದ ಹಾಗೆ ನೋಡಿಕೊಂಡ.

ಮಾರನೇ ದಿನ ಧೈರ್ಯ ಮಾಡಿ ಸೇಯರ್ ಮುಂದೆ ನಿಂತ. "ಥಿಯೊನೇ ಹೋಗಿದ್ದು ಸಾರ್. ನಾನೇ ಟ್ರೇ ಕೊಟ್ಟು ಕಳ್ಸಿದ್ದು. ಓಝಿ ಕೂಡ ನೋಡಿದಾನೆ."

"ನಿಮ್ಮೋನ ಪರ ನೀವು ಹೇಳ್ದೆ ಇನ್ಯಾರು ಹೇಳ್ತಾರೆ, ಬ್ರಾಡ್‌ನ್ಯಾಕ್ಸ್? ಅದು ಸಾಕ್ಷಿ ಅನ್ಸ್ಕೊಳ್ಳಲ್ಲ."

"ಹಾಗಾದ್ರೆ ನಮ್ಮನ್ನ ಸಾಲಾಗಿ ನಿಲ್ಲಿಸಿ ಸಾರ್. ಕಮಾಂಡರ್ ಸಾಹೇಬ್ರು ಒಂದ್ಸಲ ಮುಖ ನೋಡ್ಲಿ. ನೋಡಿದ್ರೆ ನೆನಪಾಗುತ್ತೆ."

ಸೇಯರ್ ಒಪ್ಪಿದ. ಸಂಕೋಲೆ ಬಿಚ್ಚಿಸಿಯೇ ನಿಲ್ಲಿಸುತ್ತೇನೆ, ಮೋಸ ಬೇಡ ಎಂದೂ ಹೇಳಿದ.

ಆ ಬೆಳಿಗ್ಗೆ ಎಲಿಸ್ ಅಮ್ಮನಿಂದ ಕಲಿತ ಕೆಲಸವನ್ನೆಲ್ಲ ಬಳಸಿದ. ಕೋಟುಗಳಿಗೆ ಗಂಜಿ ಹಾಕಿದ, ಒಂದು ಗೆರೆ ಬೀಳದ ಹಾಗೆ ಇಸ್ತ್ರಿ ಮಾಡಿದ, ಥಿಯೊನದನ್ನು ಸೆರೆಕೋಣೆಗೆ ಕಳಿಸಿದ. ಕೂದಲು ಕತ್ತರಿಸಿಕೊಳ್ಳಿ, ಉಗುರು ನೋಡಿಕೊಳ್ಳಿ ಎಂದು ಎಲ್ಲರನ್ನೂ ಎಬ್ಬಿಸಿ ಓಡಾಡಿಸಿದ. ಅಧಿಕಾರಿಯ ಮುಂದೆ ನಿಲ್ಲುವುದೆಂದರೆ ಹೀಗೇ ಅಲ್ಲವೇ? ಒಗೆಯುವಾಗಿನ ಹಳೇ ಅಂಗಿಯಲ್ಲಿ, ನಾವಿರುವ ಹಾಗೇ ಹೋಗಿ ನಿಲ್ಲೋಣ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಬಿಳಿಯ ನಾವಿಕರಾಗಿದ್ದರೆ ಒಬ್ಬ ಅಂಗಿಯ ಗುಂಡಿ ಬಿಚ್ಚಿಕೊಂಡು ಬರುತ್ತಿದ್ದ, ಇನ್ನೊಬ್ಬ ಟೋಪಿ ಓರೆ ಮಾಡಿಕೊಂಡು. ಇವರು ಐವರೂ ಒಂದೇ ಅಚ್ಚಿನಲ್ಲಿ ತೆಗೆದ ಬೊಂಬೆಗಳಂತೆ, ಕಣ್ಣು ನೆಲಕ್ಕೆ ನೆಟ್ಟು ನಿಂತರು. ಸಾಲಿಗೆ ಒಬ್ಬ ಕಡಿಮೆ ಬಿದ್ದನೆಂದು ಐದನೆಯವನಾಗಿ ಎಲಿಸ್ ತಾನೇ ನಿಂತಿದ್ದ.

ವಿಟ್ಲಾಕ್ ಒಂದು ತುದಿಯಿಂದ ಬಂದರು. ಓಝಿಯನ್ನು ದಾಟಿದರು. ಥಿಯೊನ ಮುಂದೆ ಒಂದು ಕ್ಷಣ ತಡೆದರು. ಥಿಯೊ ಅಭ್ಯಾಸಬಲದಿಂದ ಉಸಿರು ಬಿಗಿಹಿಡಿದಿದ್ದ. ಕಣ್ಣೆತ್ತೋ, ಕಣ್ಣೆತ್ತಿ ನೋಡೋ ಅವರನ್ನ, ಎಂದು ಎಲಿಸ್ ಒಳಗೇ ಚೀರಿದ. ವಿಟ್ಲಾಕ್ ಮುಂದೆ ಬಂದರು. ಅವರ ಮುಖ ಅರಳಿತು.

"ಇವನೇ. ಇವನೇ ಖಂಡಿತ."

ಬೆರಳು ಎಲಿಸ್‌ನ ಎದೆಗೆ ನೇರವಾಗಿತ್ತು. ಥಿಯೊನ ಭುಜಕ್ಕೂ ಬಾರದ, ಕಿವಿಯ ಪಕ್ಕ ನರೆತ ಎಲಿಸ್‌ನ ಎದೆಗೆ!

"ಸಾರ್, ನಾನಲ್ಲ ಸಾರ್! ನಾನಾಗ ಅಡುಗೆಕೋಣೇಲಿ ಗೆಣಸಿನ ಪೈ ಬೇಯಿಸ್ತಿದ್ದೆ. ಬಂದಿದ್ದು ಇವನು ಸಾರ್, ಥಿಯೊ, ಈ ಉದ್ದ ಇದಾನಲ್ಲ..."

"ಬ್ರಾಡ್‌ನ್ಯಾಕ್ಸ್!" ಸೇಯರ್ ತಡೆದ. "ಸಾಕ್ಷಿಗೆ ನೀನೇ ಹೇಳಿಕೊಟ್ಟ ಹಾಗಾಯ್ತಲ್ಲಯ್ಯಾ!"

ವಿಟ್ಲಾಕ್ ಮುಖ ಕೆಂಪೇರಿತು. "ನಾನು ಸುಳ್ಳು ಹೇಳ್ತಿದೀನಿ ಅಂತೀಯಾ?"

"ಇಲ್ಲ ಸಾರ್" ಎಂದ ಎಲಿಸ್. ಬೇರೆ ಉತ್ತರವೇ ಅವನಿಗೆ ಗೊತ್ತಿರಲಿಲ್ಲ. ಹೌದು ಎಂದಿದ್ದರೆ ಅವನ ಕಾಲಿಗೂ ಸಂಕೋಲೆ ಬೀಳುತ್ತಿತ್ತು, ಥಿಯೊಗೆ ಅದರಿಂದ ಕಿಂಚಿತ್ತೂ ಉಪಯೋಗವಾಗುತ್ತಿರಲಿಲ್ಲ.

ಥಿಯೊನನ್ನು ಮತ್ತೆ ಕರೆದೊಯ್ದರು. ಹೋಗುವಾಗ ಅವನು ಎಲಿಸ್ ಕಡೆ ತಿರುಗಿ, "ಬಿಡಣ್ಣಾ. ಪಾಠ ಚೆನ್ನಾಗೇ ಕಲ್ಸಿದ್ದೆ ನೀನು" ಎಂದ. ಕೊಂಕಿನಿಂದಲ್ಲ, ಸಮಾಧಾನ ಹೇಳುವ ಹಾಗೆ. ಅದೇ ಎಲಿಸ್‌ನ ಎದೆಗೆ ಮುಳ್ಳಾಗಿ ಮುರಿಯಿತು.

ಎರಡು ದಿನ ಬಿಟ್ಟು ಶತ್ರು ವಿಮಾನಗಳು ಬಂದವು. ಕೆಳಗಿನ ಕೋಣೆಯಲ್ಲಿ, ಹಬೆಯಂಥ ಸೆಕೆಯಲ್ಲಿ, ಎಲಿಸ್ ಡನ್ನಿಂಗ್ ಎಂಬ ಬಿಳಿ ಹುಡುಗನ ಪಕ್ಕ ನಿಂತು ಗುಂಡು ದಾಟಿಸುತ್ತಿದ್ದ. ಮೇಲೆ ಹಡಗೇ ಸೀಳಿಹೋಗುವಂಥ ಸದ್ದು. ಡನ್ನಿಂಗ್ ಹೆದರಿ ಅಳುತ್ತಿದ್ದ. ಸತ್ತೇಹೋಗುತ್ತೇವೆ ಅಂದುಕೊಂಡನೋ ಏನೋ, ಎಲಿಸ್‌ನ ಕಿವಿಯ ಹತ್ತಿರ ಬಾಯಿ ತಂದ.

"ನಿಮ್ಮೋನಲ್ಲ. ಕ್ರಾಲ್‌ನ ಹೊಡ್ದಿದ್ದು ನಮ್ಮೋನೇ, ಹಾಲಿಸ್. ಕ್ರಾಲ್ ಅವನಿಗೆ ಬೆತ್ತದಲ್ಲಿ ಬಾರಿಸ್ದ, ಇವ್ನು ಕೈಗೆ ಸಿಕ್ಕಿದ್ದು ತಗೊಂಡ. ನಾನೇ ಕಣ್ಣಾರೆ ಕಂಡೆ."

"ಹೇಳು ಮಗಾ, ಸೇಯರ್ ಹತ್ರ ಹೇಳು. ನಿನ್ ಕಾಲಿಗೆ ಬೀಳ್ತೀನಿ. ಅವನಿಗೆ ಕೂಸಿದೆ, ಇನ್ನೂ ಮುಖ ನೋಡಿಲ್ಲ."

ಡನ್ನಿಂಗ್ ಗುಂಡು ದಾಟಿಸಿದ.

ಇಬ್ಬರೂ ಸಾಯಲಿಲ್ಲ. ವಿಮಾನಗಳು ಹೋದವು, ಎಲ್ಲರೂ ಮೇಲೆ ಹತ್ತಿದರು. ಬಿಳಿಯರು ತಮ್ಮ ಸಾಲಿಗೆ, ಕರಿಯರು ತಮ್ಮ ಸಾಲಿಗೆ. ಎಲಿಸ್ ಮೈ ಒರೆಸಿಕೊಳ್ಳದೆ ಸೇಯರ್ ಹತ್ತಿರ ಓಡಿದ. ಸೇಯರ್ ಡನ್ನಿಂಗ್‌ನನ್ನೂ ಹಾಲಿಸ್‌ನನ್ನೂ ಕರೆಸಿದ. ಹಾಲಿಸ್ ಎಂಬುವನು ಹತ್ತೊಂಬತ್ತು ತುಂಬದ, ಮೊಡವೆ ಮುಖದ ಹುಡುಗ. ಊಟ ಮುಗಿದ ಹೊತ್ತಿನಲ್ಲೆಲ್ಲ ಫಿರಂಗಿಯ ಹತ್ತಿರವೇ ಇದ್ದೆ ಎಂದ. ಅವನ ಗುಂಪಿನವರೆಲ್ಲ ಹೌದು ಹೌದು ಎಂದರು. ಡನ್ನಿಂಗ್ ಎಲಿಸ್‌ನ ಮುಖವನ್ನೇ ನೋಡದೆ ಹೇಳಿದ:

"ಇವನ ಹತ್ರ ನಾನ್ಯಾಕೆ ಮಾತಾಡ್ಲಿ ಸಾರ್? ಅಡುಗೆಯವ್ರ ಜತೆ ನಾವು ಮಾತಾಡಲ್ಲ."

ಅದನ್ನು ನಂಬದವರು ಆ ಹಡಗಿನಲ್ಲಿ ಯಾರಿದ್ದರು? ಹಾಲಿಸ್ ಮೇಲೆ ಸೇಯರ್‌ಗೆ ಅನುಮಾನ ಬಂದಿತ್ತು, ಅದು ಕಾಣುತ್ತಿತ್ತು. ಕೊನೆಗೆ, "ನನ್ನ ಕೈಲಿ ಆಗೋದು ಇಷ್ಟೇ" ಎಂದ.

ಮುಂದಿನ ಬಂದರಿನಲ್ಲಿ ಥಿಯೊನನ್ನು ಇಳಿಸಿದರು. ಅಧಿಕಾರಿಗಳ ಕಡೆಯ ಏಣಿಯಿಂದ ಇಳಿಸಿದ್ದರಿಂದ ಪರಿಚಾರಕರು ಅಲ್ಲಿಗೆ ಹೋಗುವಂತಿರಲಿಲ್ಲ. ಎಲಿಸ್ ಅಡುಗೆಕೋಣೆಯ ಸಣ್ಣ ಗುಂಡು ಕಿಟಕಿಯಲ್ಲಿ ದೋಣಿಯ ಹಿಂಭಾಗವನ್ನಷ್ಟೇ ಕಂಡ. ನೇಣು ತಪ್ಪಿ ಮೂವತ್ತು ವರ್ಷದ ಶಿಕ್ಷೆಯಾಯಿತೆಂಬ ಸುದ್ದಿ ತಿಂಗಳುಗಳ ಮೇಲೆ ಬಂತು. ಓಝಿ ಅದನ್ನು ಕೇಳಿ ತಮಾಷೆಯ ಮಾತು ಹುಡುಕಿದ, ಸಿಗಲಿಲ್ಲ.

ಯುದ್ಧ ಮುಗಿಯಿತು. ಎಲಿಸ್ ನಾರ್ಫೋಕಿನಲ್ಲಿ ಒಂದು ಹೋಟೆಲಿನ ಅಡುಗೆಮನೆ ಸೇರಿದ. ನೌಕಾಪಡೆಯ ಕಚೇರಿಗೆ ಮತ್ತೆ ಮತ್ತೆ ಹೋಗಿ ಡನ್ನಿಂಗ್ ಆಡಿದ ಮಾತನ್ನು ಹೇಳಿದ. ಅಲ್ಲಿನವರು ಕೂರಿಸಿ, ಕೇಳಿ, ಆ ಕೇಸು ಮುಗಿದಿದೆ ಎಂದು ಕಳಿಸಿದರು. ಕೊನೆಗೆ ಒಂದು ಬೇಸಿಗೆಯಲ್ಲಿ ಬಸ್ಸು ಹಿಡಿದು ಮೇಕನ್‌ಗೆ ಹೋದ.

ಲೊರೀನ್ ಅಟ್ಲಾಂಟಾದ ಜೈಲಿಗೆ ಹೊರಡುವ ಗಡಿಬಿಡಿಯಲ್ಲಿದ್ದಳು. ಥಿಯೊನನ್ನು ಅಲ್ಲಿಗೆ ತಂದಿದ್ದರು. ಅವತ್ತು ಮಗುವನ್ನು ಮೊದಲ ಸಲ ತೋರಿಸುವ ದಿನ. ಹುರಿದ ಕೋಳಿ ಕಟ್ಟಿಟ್ಟಿದ್ದಳು. ಆದರೆ ವಿನಿಗೆ ಬೆಳಗಿನಿಂದ ಮೈ ಕಾದ ಹೆಂಚಾಗಿತ್ತು.

"ನೀವೇನಾ ಎಲಿಸಣ್ಣ? ನೀವಲ್ಲೇ ಇದ್ರಲ್ಲ. ಕಾಫಿ ತಗೊಂಡು ಹೋದೋರು ನಮ್ಮನೆಯವ್ರೇ ಅಂತ ಹೇಳ್ಲಿಲ್ವಾ?"

"ಹೇಳ್ದೆ ಕಣಮ್ಮಾ."

"ಎಷ್ಟು ಜೋರಾಗಿ ಹೇಳಿದ್ರಿ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಮಗುವಿನ ಹಣೆ ಮುಟ್ಟಿದಳು, ಬಾಗಿಲಿಗೆ ಹೋದಳು, ಮತ್ತೆ ಬಂದು ಮುಟ್ಟಿದಳು. ಈ ಜ್ವರದಲ್ಲಿ ಬಸ್ಸಿನಲ್ಲಿ ಒಯ್ದರೆ ಏನಾದರೂ ಆದರೆ? ಒಯ್ಯದಿದ್ದರೆ ಅಲ್ಲಿ ಅವನು ದಾರಿ ನೋಡುತ್ತ ಕೂತಿರುತ್ತಾನಲ್ಲ? ತಾನೂ ಹೋಗದಿದ್ದರೆ ಮತ್ತೆ ಬಿಡುವುದು ಯಾವಾಗಲೋ. ಹೊರಗೆ ಯಾರೋ ಬಸ್ಸಿಗೆ ಹೊತ್ತಾಯಿತೆಂದು ಕೂಗಿದರು.

"ಇವಳನ್ನ ನೋಡ್ಕೋತೀರಾ?"

"ನಂಗೆ ಮಕ್ಕಳ ವಿಷ್ಯ ಗೊತ್ತಿಲ್ಲಮ್ಮಾ."

"ನಂಗೇನು ಗೊತ್ತಿತ್ತಾ?" ಎಂದವಳೇ ಮಗುವನ್ನು ಅವನ ತೊಡೆಯ ಮೇಲೆ ಹಾಕಿ ಓಡಿದಳು.

ಮಗು ಅಮ್ಮ ಅಮ್ಮ ಎಂದು ಅತ್ತು ದನಿ ಕಳೆದುಕೊಂಡಿತು. ಎಲಿಸ್ ಬಟ್ಟೆ ಒದ್ದೆ ಮಾಡಿ ಹಣೆಗೆ ಹಾಕಿದ. ಅದು ಬಿಸಿಯಾಯಿತು, ತೆಗೆದು ಮತ್ತೆ ಅದ್ದಿದ. ಪಕ್ಕದ ಮನೆಯ ಮುದುಕಿ ಬೇಲಿಯಾಚೆಯಿಂದ, "ಕಾಲಿಗೂ ಹಾಕಪ್ಪಾ" ಎಂದಳು. ಕಾಲಿಗೂ ಹಾಕಿದ. ಬಿಸಿಲು ಇಳಿಯಿತು, ಜ್ವರ ಇಳಿಯಲಿಲ್ಲ. ಬೀದಿಯ ಕೊನೆಯಲ್ಲಿ ಬಸ್ಸಿನ ಸದ್ದಾದಾಗಲೆಲ್ಲ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಹೋದ. ಯಾವ ಬಸ್ಸಿನಿಂದಲೂ ಲೊರೀನ್ ಇಳಿಯಲಿಲ್ಲ. ಅವನು ಒಳಗೆ ಬಂದು ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿದ.