ಮಾತೃಭಾಷೆಯ ಕಾಲಂ

ಕಳೆದ ಜನಗಣತಿಯಲ್ಲಿ ನನ್ನ ಪಾಲಿಗೆ ಬಂದದ್ದು ಚೆನ್ನೈನ ರಾಯಪುರಂ. ಆಗ ಅಲ್ಲೇ ಹತ್ತಿರದ ಶಾಲೆಯೊಂದರಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಫಾರಂಗಳ ಚೀಲ ಹೆಗಲಿಗೇರಿಸಿ ಹಾರ್ಬರ್ ಹಿಂದಿನ ಓಣಿಗಳಲ್ಲಿ ಮನೆಮನೆಗೆ ಹೋಗಬೇಕಿತ್ತು.

ನಾನು ಹುಟ್ಟಿ ಬೆಳೆದದ್ದು ಈ ಊರಿನಲ್ಲೇ. ಅಪ್ಪ ಕುಂದಾಪುರದ ಕಡೆಯಿಂದ ಬಂದು ಇಲ್ಲಿನ ಹೋಟೆಲಿನ ಅಡುಗೆಮನೆ ಸೇರಿದವರು. ಅವರು ಬೇಗ ತೀರಿಕೊಂಡಿದ್ದರು, ಅಮ್ಮ ತೀರಿಹೋಗಿ ಮೂರು ವರ್ಷವಾಗಿತ್ತು. ಅವಳು ಹೋದ ಮೇಲೆ ಮನೆಯಲ್ಲಿ ನನ್ನೊಡನೆ ಕನ್ನಡ ಆಡುವವರೇ ಇರಲಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಮಗಳ ಉತ್ತರ ತಮಿಳಿನಲ್ಲಿ ಬರುತ್ತಿತ್ತು.

ಒಂದು ಮನೆಯಲ್ಲಿ, ಬಂದರಿನ ಕೆಲಸಕ್ಕೆ ಹೊರಟು ನಿಂತ ಯಜಮಾನ ಎಲ್ಲರ ಪರವಾಗಿ ತಾನೇ ಉತ್ತರ ಹೇಳುತ್ತಿದ್ದ. ತನ್ನದು, ಹೆಂಡತಿಯದು, ಮಕ್ಕಳದು, ತಾಯಿಯದು, ಎಲ್ಲರ ಮಾತೃಭಾಷೆಯೂ ತಮಿಳು ಎಂದ. ತಾಯಿ ಹೊಸಿಲ ಬಳಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಒಬ್ಬೊಬ್ಬರನ್ನೂ ಕೇಳಿಯೇ ಬರೆಯಬೇಕೆಂದು ತರಬೇತಿಯಲ್ಲಿ ಹೇಳಿದ್ದರು. ಚಿಕ್ಕವರಿದ್ದಾಗ ನಿಮ್ಮ ತಾಯಿ ನಿಮ್ಮೊಡನೆ ಯಾವ ಭಾಷೆ ಆಡುತ್ತಿದ್ದರು ಎಂದು ತಮಿಳಿನಲ್ಲೇ ಕೇಳಿದೆ.

ಅವರ ಕೈ ನಿಂತಿತು. ಮಗನ ಮುಖ ನೋಡಿದರು. ಆಮೇಲೆ ಮೆಲ್ಲಗೆ, ಕನ್ನಡ ಎಂದರು.

"ಯಾವೂರಮ್ಮಾ ನಿಮ್ದು?" ಎಂದೆ, ಕನ್ನಡದಲ್ಲಿ.

ಬೈಂದೂರಿನ ಹತ್ತಿರವಂತೆ. ಅಲ್ಲಿಗೆ ರಸ್ತೆ ಕೆಲಸಕ್ಕೆ ಬಂದಿದ್ದ ತಮಿಳು ಹುಡುಗನನ್ನು ಮೆಚ್ಚಿ, ಮನೆಯವರನ್ನು ಬಿಟ್ಟು ಬಂದವರು. ಹಿಂದಿರುಗಿ ಹೋಗಲೇ ಇಲ್ಲ. ಮಾತು ತಡೆತಡೆದು ಬರುತ್ತಿತ್ತು, ನಡುನಡುವೆ ತಮಿಳು ನುಗ್ಗುತ್ತಿತ್ತು. ಕೊನೆಗೆ ಹೇಳಿದರು, "ನಮ್ ಅಬ್ಬಿ ಹೋಪತಿಗೆ ನಾ ಹತ್ರ ಇರ್ಲಿಲ್ಲ."

ಅಬ್ಬಿ. ನನ್ನಮ್ಮ ತನ್ನ ತಾಯಿಯನ್ನು ನೆನೆಯುವಾಗ ಆಡುತ್ತಿದ್ದ ಮಾತು ಅದು. ನನಗೆ ಮುಂದೆ ಬರೆಯಲು ಆಗಲಿಲ್ಲ.

ಅಮ್ಮ ಏನು ಹೇಳುತ್ತಿದ್ದಾಳೆ ಎಂದು ಮಗ ಕೇಳಿದ. ತಾಯಿ ಆ ಭಾಷೆ ಆಡಿದ್ದನ್ನು ಅವನು ಅಂದೇ ಮೊದಲು ಕೇಳಿದ್ದು. ತನ್ನ ತಾಯಿ ಸಾಯುವಾಗ ತಾನು ಹತ್ತಿರ ಇರಲಿಲ್ಲ ಎನ್ನುತ್ತಿದ್ದಾರೆ ಎಂದು ನಾನು ತಮಿಳಿನಲ್ಲಿ ತಿಳಿಸಿದೆ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಅವರ ಪಕ್ಕ ಕೂತ. ಅವಳು ಹೇಳಿದ್ದನ್ನೇ ಬರೆದುಕೊಳ್ಳಿ ಎಂದ.

ಹೊರಡುವಾಗ ಅವರು ನನ್ನ ಕೈ ಹಿಡಿದರು. "ಇನ್ನೊಂದ್ ಸಲ ಬಾ ಮಗಾ. ಬರೆಯೂಕ್ ಏನೂ ಇಲ್ದಿದ್ರೂ ಅಡ್ಡಿಲ್ಲ, ಮಾತಾಡೂಕೆ ಬಾ."

ಬರುವ ಭಾನುವಾರವೇ ಬರುತ್ತೇನೆ ಎಂದಿದ್ದೆ. ಗಣತಿ ಮುಗಿಯುವಷ್ಟರಲ್ಲಿ ಪರೀಕ್ಷೆ ಬಂತು, ಉತ್ತರಪತ್ರಿಕೆಗಳ ರಾಶಿ ಬಂತು. ಹೋದಾಗ ಬೇಸಿಗೆ ಕಳೆದಿತ್ತು, ಬಾಗಿಲಿಗೆ ಬೀಗ. ಮಗನಿಗೆ ಬೇರೆ ಕಡೆ ಕೆಲಸ ಸಿಕ್ಕಿ ಎಲ್ಲರೂ ಹೋದರೆಂದು ಪಕ್ಕದ ಮನೆಯವರು ಹೇಳಿದರು. ಎಲ್ಲಿಗೆಂದು ಅವರಿಗೂ ಗೊತ್ತಿರಲಿಲ್ಲ.

ವರ್ಷಗಳ ನಂತರ ಭಾಷಾವಾರು ಲೆಕ್ಕ ಪ್ರಕಟವಾಯಿತು. ಚೆನ್ನೈ ಜಿಲ್ಲೆಯ ಸಾಲು ಹುಡುಕಿ ಕನ್ನಡದ ಎದುರಿನ ಅಂಕಿ ನೋಡಿದೆ. ಯಾವ ಭಾಷೆಯವರು ಎಲ್ಲಿ ಎಷ್ಟಿದ್ದಾರೆಂದು ಸರ್ಕಾರಕ್ಕೆ ತಿಳಿಯಲು ಅಷ್ಟು ಸಾಕು. ಯಾರ ಹೆಸರೂ ಹೊರಬೀಳಬಾರದು ಎಂಬ ನಿಯಮವಿದೆ, ಅದು ಸರಿಯೇ. ಆ ಅಂಕಿಯಲ್ಲಿ ಅವರಿದ್ದಾರೆ, ನಾನಿದ್ದೇನೆ, ಒಬ್ಬರ ಗುರುತು ಇನ್ನೊಬ್ಬರಿಗೆ ಸಿಗುವುದಿಲ್ಲ.

ಈಗ ಮತ್ತೆ ಗಣತಿಯ ಮಾತು, ಈ ಸಲ ಫೋನಿನಲ್ಲಂತೆ. ನಾನು ನಿವೃತ್ತಳಾಗಿ ಶೋಳಿಂಗನಲ್ಲೂರಿನಲ್ಲಿ ಮಗಳ ಜೊತೆಗಿದ್ದೇನೆ. ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ ವಯಸ್ಸಾದ ಹೆಂಗಸರು ಮಾತಾಡುತ್ತಿದ್ದರೆ ಸುಮ್ಮನೆ ಹತ್ತಿರ ಹೋಗಿ ನಿಲ್ಲುತ್ತೇನೆ.